ಒಳ್ಳೆಯವನು ಎಂದ ತಪ್ಪಿಗೆ

ಕೋರ್ಟಿನ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತಿದ್ದ ನನಗೆ ವಕೀಲೆ ಹೇಳಿದ್ದು ಇಷ್ಟೇ: "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಆತ ಎಷ್ಟು ಹೊತ್ತಿಗೆ ಬಂದ, ಎಷ್ಟು ಹೊತ್ತಿಗೆ ಹೋದ, ಅಷ್ಟು ಸಾಕು. ಅವನು ಎಂಥ ಮನುಷ್ಯ ಅಂತ ನಾನು ಕೇಳೋದಿಲ್ಲ. ನೀವಾಗಿ ಹೇಳಬೇಡಿ."

ಯಾಕೆ ಎಂದು ನಾನು ಕೇಳಬೇಕಿತ್ತು. ಆಕೆಯ ಕಂಕುಳಲ್ಲಿ ಬೇರೆ ಬೇರೆ ಕೇಸುಗಳ ಐದಾರು ಫೈಲುಗಳಿದ್ದವು. ಮಾತು ಮುಗಿಯುವಷ್ಟರಲ್ಲಿ ಆಕೆ ಇನ್ನೊಂದು ಬಾಗಿಲ ಕಡೆ ನಡೆದಾಗಿತ್ತು. ಕಾರಣ ಗೊತ್ತಿಲ್ಲದೆಯೇ ನಾನು ಒಳಗೆ ಹೋದೆ. ಒಬ್ಬನನ್ನು ಬಿಡಿಸಲು ಹೋದವಳು ಅವನನ್ನು ಜೈಲಿಗೆ ಕಳಿಸಿ ಬಂದೆ. ಇದೆಲ್ಲ ಆಗಿ ಮೂವತ್ತೈದು ವರ್ಷಕ್ಕೂ ಮೇಲಾಯಿತು. ವಯಸ್ಸಾದ ಹಾಗೆ ಸಿಟ್ಟು ಕರಗುತ್ತದೆ ಎನ್ನುತ್ತಾರೆ. ನನ್ನ ಅನುಭವದಲ್ಲಿ ಹಾಗಾಗಿಲ್ಲ.

ಎಂಬತ್ತರ ದಶಕದ ನಡುವಿನ ವರ್ಷಗಳು ಅವು. ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯಲ್ಲಿ, ಲಗೂನಿನ ನೀರು ಕಾಣುವ ಒಂದು ಅಪಾರ್ಟ್‌ಮೆಂಟು ಕಾಂಪ್ಲೆಕ್ಸಿನ ಎರಡನೆಯ ಮಹಡಿಯಲ್ಲಿ ನಮ್ಮ ಮನೆ. ನಾನು ಮೈಸೂರಿನವಳು. ನನ್ನ ಗಂಡ ಉಡುಪಿಯವರು; ಇಂಜಿನಿಯರು, ಬೆಳಿಗ್ಗೆ ಏಳಕ್ಕೆ ಕಾರು ಹತ್ತಿದರೆ ಸಂಜೆ ಏಳಕ್ಕೆ ಇಳಿಯುತ್ತಿದ್ದರು. ಮಗಳು ಒಂದನೇ ಕ್ಲಾಸಿನಲ್ಲಿದ್ದಳು. ಅತ್ತೆ ಆರು ತಿಂಗಳಿಗೆಂದು ಬಂದವರು ಮೂರು ವರ್ಷದಿಂದ ನಮ್ಮ ಜೊತೆಗೇ ಇದ್ದರು. ಇಂಗ್ಲಿಷು ಬಾರದಿದ್ದರೂ ಆ ಕಾಂಪ್ಲೆಕ್ಸಿನಲ್ಲಿ ನನಗಿಂತ ಹೆಚ್ಚು ಜನರ ಪರಿಚಯ ಅವರಿಗಿತ್ತು.

ಆ ಪರಿಚಯದವರಲ್ಲಿ ಮೊದಲನೆಯವನು ನಮ್ಮ ಕಾಂಪ್ಲೆಕ್ಸಿನ ಮೇಂಟೆನೆನ್ಸ್ ಕೆಲಸದವನು. ಸುಮಾರು ನಲವತ್ತೈದರ ಬಿಳಿಯ, ಉದ್ದಕ್ಕೆ ಒಣಕಲಾಗಿದ್ದ. ಎಡಗೈಯ ಒಂದು ಬೆರಳಿನ ತುದಿ ಇರಲಿಲ್ಲ. ಫ್ರೆಸ್ನೋ ಆಚೆಗಿನ ಯಾವುದೋ ಹೊಲದ ಊರಿನಲ್ಲಿ ಬೆಳೆದವನಂತೆ. ನೀಲಿ ಅಂಗಿ, ಸೊಂಟದಲ್ಲಿ ಕೀಲಿಗಳ ದೊಡ್ಡ ಗೊಂಚಲು. ಎಲ್ಲ ಮನೆಗಳ ಕೀಲಿಯೂ ಅದರಲ್ಲಿ. ಅಡುಗೆಯ ಕಸ ಅರೆದು ನೀರಿಗೆ ಬಿಡುವ ನಮ್ಮ ಮನೆಯ ಸಿಂಕಿನ ಗ್ರೈಂಡರು ತಿಂಗಳಿಗೊಮ್ಮೆಯಾದರೂ ಕಟ್ಟಿಕೊಳ್ಳುತ್ತಿತ್ತು, ಅತ್ತೆ ಕರಿಬೇವಿನ ಕಡ್ಡಿ, ತೆಂಗಿನ ನಾರು ಎಲ್ಲವನ್ನೂ ಅದಕ್ಕೇ ತುರುಕುತ್ತಿದ್ದರಿಂದ. ಆತ ಬಂದು, ಮಂಡಿಯೂರಿ, ಆ ನಾರನ್ನು ಎಳೆ ಎಳೆಯಾಗಿ ತೆಗೆದು ಹಳೇ ಪೇಪರಿನ ಮೇಲೆ ಸಾಲಾಗಿ ಇಡುತ್ತಿದ್ದ. ಒಂದು ದಿನವೂ ಮುಖ ಸಿಂಡರಿಸಿದ್ದು ನಾನು ನೋಡಲಿಲ್ಲ. ಮೊದಲನೆಯ ಸಲ ಬಂದಾಗ ನಮ್ಮ ಬಾಗಿಲ ಬಳಿ ಚಪ್ಪಲಿಗಳಿದ್ದದ್ದು ನೋಡಿ, ಯಾರೂ ಹೇಳದೆಯೇ ತನ್ನ ಭಾರದ ಬೂಟುಗಳನ್ನು ಬಿಚ್ಚಿಟ್ಟು ಒಳಗೆ ಬಂದಿದ್ದ. ಅತ್ತೆಗೆ ಅವನು ಹಿಡಿಸಲು ಅಷ್ಟು ಸಾಕಾಯಿತು. ಅಂದಿನಿಂದ ಅವನಿಗೆ ಕಾಫಿ, ಜೊತೆಗೆ ಅಂದು ಏನು ಮಾಡಿದ್ದರೋ ಅದು. ಅತ್ತೆ ಕನ್ನಡದಲ್ಲಿ ಮಾತಾಡುವುದು, ಆತ ಇಂಗ್ಲಿಷಿನಲ್ಲಿ ಉತ್ತರಿಸುವುದು. ಇಬ್ಬರಿಗೂ ಏನೂ ತೊಂದರೆಯಾದಂತೆ ಕಾಣಲಿಲ್ಲ.

ಅಕ್ಟೋಬರಿನ ಒಂದು ಮಂಗಳವಾರ ಬೆಳಿಗ್ಗೆ ನಲ್ಲಿಯಲ್ಲಿ ಬಿಸಿನೀರು ಬರಲಿಲ್ಲ. ಕಾಂಪ್ಲೆಕ್ಸಿನ ಆಫೀಸಿಗೆ ಫೋನು ಮಾಡಿದೆ. ಊಟ ಮುಗಿಸಿ ಒಂದೂವರೆಗೆ ಬರುತ್ತೇನೆ ಎಂದವನು ಒಂದೂವರೆಗೇ ಬಂದ. ಅಡುಗೆಮನೆಯ ಪಕ್ಕದ ಗೂಡಿನಲ್ಲಿದ್ದ ವಾಟರ್ ಹೀಟರನ್ನು ಬಿಚ್ಚಿದ. ಗಡಿಯಾರ ಎರಡು ದಾಟಿದ ಮೇಲೆ, ಒಂದು ವಾಲ್ವು ಹೋಗಿದೆ, ತನ್ನ ವರ್ಕ್‌ಶಾಪಿನಲ್ಲಿ ಹೊಸದಿದೆ, ತರುತ್ತೇನೆ ಎಂದು ಇಳಿದು ಹೋದ. ಏಳೆಂಟು ನಿಮಿಷದಲ್ಲಿ ವಾಲ್ವು ಹಿಡಿದು ವಾಪಸು ಬಂದ. ಮೂರಕ್ಕೆ ಕೆಲಸ ಮುಗಿಯಿತು. ಮಗಳನ್ನು ಸ್ಕೂಲಿನಿಂದ ಕರೆತರಲು ನಾನೂ ಹೊರಟಿದ್ದೆ. ಇಬ್ಬರೂ ಒಟ್ಟಿಗೇ ಮೆಟ್ಟಿಲು ಇಳಿದೆವು.

ಅದೇ ಮಧ್ಯಾಹ್ನ, ಅಂಗಳದ ಆಚೆಗಿನ ಬಿಲ್ಡಿಂಗಿನ ಒಬ್ಬ ಹೆಂಗಸು ಒಂದೂಮುಕ್ಕಾಲಿಗೆ ಹೊರಗೆ ಹೋಗಿ ಮೂರರ ಒಳಗೆ ವಾಪಸು ಬಂದಾಗ ಅವಳ ಒಡವೆಯ ಡಬ್ಬಿಯೂ ಒಂದು ಕ್ಯಾಮರಾವೂ ಇರಲಿಲ್ಲ. ಬಾಗಿಲು ಒಡೆದಿರಲಿಲ್ಲ. ಅಂದರೆ ಕೀಲಿ ಹಾಕಿ ತೆಗೆದಿದ್ದಾರೆ. ಕೀಲಿ ಇರುವುದು ಯಾರ ಹತ್ತಿರ? ಪಾರ್ಕಿಂಗಿನಲ್ಲಿದ್ದ ಒಬ್ಬರು, ನೀಲಿ ಅಂಗಿಯ ಗಂಡಸೊಬ್ಬ ಆ ಮೆಟ್ಟಿಲು ಹತ್ತುತ್ತಿದ್ದುದನ್ನು ಹಿಂದಿನಿಂದ ನೋಡಿದೆ ಎಂದರು. ಗುರುವಾರ ಪೊಲೀಸರು ಅವನನ್ನು ಕರೆದುಕೊಂಡು ಹೋದರು. ಅವನ ಮನೆಯಲ್ಲಿ ಹುಡುಕಿದರು, ವರ್ಕ್‌ಶಾಪಿನಲ್ಲಿ ಹುಡುಕಿದರು. ಒಡವೆಯೂ ಸಿಗಲಿಲ್ಲ, ಕ್ಯಾಮರಾವೂ ಸಿಗಲಿಲ್ಲ. ಆದರೂ ಬಿಡಲಿಲ್ಲ.

ನಾನು ಮ್ಯಾನೇಜರಿನ ಹತ್ತಿರ ಹೋಗಿ, ಆ ಹೊತ್ತಿಗೆ ಅವನು ನಮ್ಮ ಮನೆಯಲ್ಲಿದ್ದ ಎಂದೆ. ಮ್ಯಾನೇಜರು ತಲೆ ಎತ್ತದೆ, "ಪೊಲೀಸರಿಗೆ ಅವರದೇ ಕಾರಣಗಳಿವೆ" ಎಂದ. ಏನು ಕಾರಣ ಎಂದರೆ ಬಾಯಿ ಬಿಡಲಿಲ್ಲ. ಪೊಲೀಸಿಗೆ ಫೋನು ಮಾಡಿದೆ. ನನ್ನ ಹೆಸರಿನ ಸ್ಪೆಲಿಂಗನ್ನು ಎರಡು ಸಲ ಕೇಳಿ ಬರೆದುಕೊಂಡರು. ಮತ್ತೆ ಯಾರೂ ನನ್ನನ್ನು ಕೇಳಲಿಲ್ಲ. ತಿಂಗಳು ಕಳೆದ ಮೇಲೆ ಆ ವಕೀಲೆಯ ಫೋನು ಬಂತು. ವಕೀಲರನ್ನಿಡುವ ಶಕ್ತಿಯಿಲ್ಲದವರಿಗೆ ಸರ್ಕಾರವೇ ಕೊಡುವ ವಕೀಲೆ. ನನಗಿಂತ ಚಿಕ್ಕವಳು.

ಆ ಸಂಜೆ ಊಟಕ್ಕೆ ಕೂತಾಗ ಸಾಕ್ಷಿಗೆ ಕರೆದಿದ್ದಾರೆ ಎಂದು ಹೇಳಿದೆ. ನನ್ನ ಗಂಡ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು.

"ನಮಗೆ ಯಾಕೆ ಬೇಕು ಅದು? ಸಿಟಿಜನ್‌ಶಿಪ್ಪಿಗೆ ಅಪ್ಲಿಕೇಶನ್ನು ಹಾಕಿ ಕೂತಿದ್ದೇವೆ. ಕೋರ್ಟು, ಪೊಲೀಸು, ಕಳ್ಳತನ ಅಂತ ಎಲ್ಲಾದರೂ ನಿನ್ನ ಹೆಸರು ಸೇರಿಕೊಂಡರೆ?"

"ನಾನೇನು ಕದ್ದಿದೀನಾ? ಕಂಡಿದ್ದನ್ನ ಹೇಳಿ ಬರ್ತೀನಿ."

"ಅವನು ಕದ್ದಿಲ್ಲ ಅಂತ ನಿನಗೆ ಹೇಗೆ ಗೊತ್ತು?"

ಅತ್ತೆ ಬಡಿಸುವ ಸೌಟನ್ನು ಪಾತ್ರೆಗೆ ಬಿಟ್ಟರು. "ಎಂತ ಮಾತಾಡ್ತೀ ನೀನು? ಅವ ಇಲ್ಲಿ ಕೂತು ನನ್ನ ಎದುರೇ ಕೆಲಸ ಮಾಡಿದ್ದು. ಕಣ್ಣಲ್ಲಿ ಕಂಡದ್ದು ಹೇಳ್ಲಿಕ್ಕೆ ಹೆದರಿಕೆ ಎಂತದು? ಅವಳು ಹೋಗದಿದ್ರೆ ನಾನು ಹೋಗ್ತೇನೆ. ನನಗೆ ಇಂಗ್ಲಿಷು ಬರುದಿಲ್ಲ, ಅಷ್ಟೇ. ಬಾಯಿ ಉಂಟಲ್ಲ."

ಗಂಡ ಮತ್ತೆ ಅನ್ನ ಕಲಸತೊಡಗಿದರು. ಕೋರ್ಟಿನ ದಿನ ಆಫೀಸಿಗೆ ರಜೆ ಹಾಕಿ ತಾವೇ ನನ್ನನ್ನು ಕರೆದುಕೊಂಡು ಹೋದರು. ಆ ಒಳ್ಳೆಯತನ ಅವರಲ್ಲಿತ್ತು. ಅದನ್ನು ಬರೆಯದೆ ಮುಂದೆ ಅವರು ಆಡಿದ ಮಾತನ್ನು ಮಾತ್ರ ಬರೆದರೆ ಅನ್ಯಾಯವಾಗುತ್ತದೆ.

ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಜ್ಯೂರಿ ಎಂದರೆ ನನ್ನ ತಲೆಯಲ್ಲಿ ಏನೋ ದೊಡ್ಡ ಚಿತ್ರವಿತ್ತು. ನೋಡಿದರೆ ಗ್ರೋಸರಿ ಅಂಗಡಿಯ ಸಾಲಿನಲ್ಲಿ ನಮ್ಮ ಹಿಂದೆ ಮುಂದೆ ನಿಲ್ಲುವಂಥದೇ ಹನ್ನೆರಡು ಜನ. ಏಳು ಹೆಂಗಸರು, ಐದು ಗಂಡಸರು. ಹೆಣಿಗೆಯ ಚೀಲ ತಂದಿದ್ದ ಒಬ್ಬ ಅಜ್ಜಿ. ಸೂಟು ಹಾಕಿ ಪದೇ ಪದೇ ಕೈಗಡಿಯಾರ ನೋಡುತ್ತಿದ್ದ ಒಬ್ಬಾತ. ನಮ್ಮ ಮೇಂಟೆನೆನ್ಸಿನವನು ವಕೀಲೆಯ ಪಕ್ಕದಲ್ಲಿ ಕೂತಿದ್ದ. ಯಾರದೋ ಕೋಟು, ತೋಳು ಗಿಡ್ಡ. ನನ್ನನ್ನು ನೋಡಿ ತಲೆ ಆಡಿಸಿದ.

ಮೊದಲು ಎಲ್ಲ ಸುಸೂತ್ರವಾಯಿತು. ಒಂದೂವರೆಗೆ ಬಂದ, ಮೂರಕ್ಕೆ ಹೋದ, ನಾನು ಪೂರ್ತಿ ಮನೆಯಲ್ಲೇ ಇದ್ದೆ. ವಕೀಲೆ ಕೂತಳು. ಅವನ ಮೇಲೆ ಕೇಸು ನಡೆಸುತ್ತಿದ್ದ ಸರ್ಕಾರಿ ವಕೀಲ ಎದ್ದ. ಬಹಳ ಸೌಮ್ಯವಾದ ದನಿ ಅವನದು. ಈ ದೇಶಕ್ಕೆ ಬಂದು ಎಷ್ಟು ವರ್ಷವಾಯಿತು ಎಂದು ವಿಚಾರಿಸಿದ. ಆಮೇಲೆ, ಆತ ಮಧ್ಯೆ ಎಲ್ಲಿಗೂ ಹೋಗಲಿಲ್ಲವೇ ಎಂದ.

"ವಾಲ್ವು ತರೋಕೆ ಹೋಗಿದ್ದ."

"ಎಷ್ಟು ಹೊತ್ತು?"

"ಏಳೆಂಟು ನಿಮಿಷ."

"ಆ ಎಂಟು ನಿಮಿಷ ಅವನು ಎಲ್ಲಿದ್ದ ಅಂತ ನಿಮಗೆ ಗೊತ್ತಿಲ್ಲ."

"ವರ್ಕ್‌ಶಾಪಿನಲ್ಲಿ."

"ನೀವು ನೋಡಿದಿರಾ?"

"ಇಲ್ಲ."

ಥ್ಯಾಂಕ್ಯೂ ಎಂದು ಕೂತುಕೊಂಡ. ಜ್ಯೂರಿಯಲ್ಲಿದ್ದ ಸೂಟಿನವನು ಪಕ್ಕದವಳ ಕಡೆ ನೋಡಿದ. ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ಸರ್ಕಾರಿ ವಕೀಲ ನನ್ನನ್ನು ಕೂರಿಸಿಬಿಟ್ಟಿದ್ದ. ನಮ್ಮ ವಕೀಲೆ ಮತ್ತೆ ಎದ್ದು, ವಾಪಸು ಬಂದಾಗ ಅವನ ಕೈಯಲ್ಲಿ ಏನಿತ್ತು ಎಂದು ಕೇಳಿದಳು. ವಾಲ್ವು ಎಂದು ಒಂದು ಪದ ಹೇಳಿ ಸುಮ್ಮನಾಗಬೇಕಿತ್ತು.

"ವಾಲ್ವು ಇತ್ತು" ಎಂದೆ. ಎಂದು, ಅಲ್ಲಿಗೆ ನಿಲ್ಲಿಸದೆ, ಜ್ಯೂರಿಯ ಕಡೆ ತಿರುಗಿ ಹೇಳಿದೆ: "ಅವನು ಕದಿಯುವ ಮನುಷ್ಯ ಅಲ್ಲ. ಮೂರು ವರ್ಷದಿಂದ ನಮ್ಮ ಮನೆಗೆ ಬರ್ತಾ ಇದ್ದಾನೆ. ಒಂದು ಚಮಚ ಆಚೀಚೆ ಆಗಿಲ್ಲ. ಅವನು ಒಳ್ಳೆಯವನು, ಪ್ರಾಮಾಣಿಕ."

ವಕೀಲೆ ಕಣ್ಣು ಮುಚ್ಚಿ ತೆರೆದಳು. ಸರ್ಕಾರಿ ವಕೀಲ ಆಗಲೇ ಎದ್ದು ನಿಂತಿದ್ದ. ಇಬ್ಬರೂ ಜಡ್ಜಿನ ಬಳಿ ಹೋಗಿ ಪಿಸುಗುಟ್ಟಿದರು. ಜ್ಯೂರಿಯನ್ನು ಹೊರಗೆ ಕಳಿಸಿದರು, ನನ್ನನ್ನೂ ಕಳಿಸಿದರು. ಇಪ್ಪತ್ತು ನಿಮಿಷವಾದ ಮೇಲೆ ಕರೆದರು. ಕಟಕಟೆಯಲ್ಲಿ ಕೂತಾಗ ಆತನ ಮುಖ ಕಂಡಿತು. ಮೇಜನ್ನೇ ನೋಡುತ್ತಿದ್ದ.

ಸರ್ಕಾರಿ ವಕೀಲ ಅದೇ ಸೌಮ್ಯ ದನಿಯಲ್ಲಿ ಕೇಳಿದ. "ಇವನು ಪ್ರಾಮಾಣಿಕ ಅಂದಿರಿ. ಮನೆ ನುಗ್ಗಿ ಕದ್ದಿದ್ದಕ್ಕೆ ಇವನಿಗೆ ಹಿಂದೆ ಎರಡು ಸಲ ಶಿಕ್ಷೆಯಾಗಿದೆ ಅನ್ನೋದು ನಿಮಗೆ ಗೊತ್ತೇ?"

ನನಗೆ ಗೊತ್ತಿರಲಿಲ್ಲ. ಇಲ್ಲ ಎಂದೆ. ಜೋರಾಗಿ ಹೇಳಿ ಎಂದು ಜಡ್ಜು ಹೇಳಿದರು. ಇಲ್ಲ ಎಂದು ಮತ್ತೆ ಹೇಳಿದೆ.

"ಈಗ ಗೊತ್ತಾಯಿತು. ಈಗಲೂ ನಿಮ್ಮ ಅಭಿಪ್ರಾಯ ಅದೇನಾ?"

ಅದೇ ಎಂದು ತಕ್ಷಣ ಹೇಳಿದ್ದರೆ ಏನಾದರೂ ಬದಲಾಗುತ್ತಿತ್ತೋ ಏನೋ. ನಾನು ತಡೆದೆ. ಎರಡು ಉಸಿರಿನಷ್ಟು ಹೊತ್ತು ಇರಬಹುದು. ಆಮೇಲೆ "ಹೌದು" ಎಂದೆ. ಆ ತಡೆದದ್ದನ್ನು ಹನ್ನೆರಡು ಜನವೂ ನೋಡಿದರು. ಆತ ಮೇಜಿನಿಂದ ಕಣ್ಣೆತ್ತಿ ಅದನ್ನು ನೋಡಿದ.

ಆಮೇಲೆ ಜಡ್ಜು ಜ್ಯೂರಿಗೆ ಒಂದು ಸೂಚನೆ ಓದಿದರು. ಈಗ ಕೇಳಿದ್ದನ್ನು ಈ ಸಾಕ್ಷಿಯ ಅಭಿಪ್ರಾಯಕ್ಕೆ ಎಷ್ಟು ಬೆಲೆ ಎಂದು ತೂಗಲು ಮಾತ್ರ ಬಳಸಬೇಕು. ಆತ ಈ ಕಳ್ಳತನ ಮಾಡಿದ ಎನ್ನಲು ಬಳಸಬಾರದು. ಎಂಥ ಮಾತು. ಒಂದು ಲೋಟ ಹಾಲಿಗೆ ಹುಳಿ ಹಿಂಡಿ, ಅರ್ಧಕ್ಕೆ ಮಾತ್ರ ಹುಳಿ ತಾಗಲಿ ಎಂದ ಹಾಗೆ. ಜ್ಯೂರಿಯಲ್ಲಿದ್ದವರು ಗಂಭೀರವಾಗಿ ತಲೆ ಆಡಿಸಿದರು. ಆ ಕಾಗದ ಓದಿದ ಜಡ್ಜಿಗೂ ಅದರಲ್ಲಿ ನಂಬಿಕೆ ಇತ್ತೆಂದು ನನಗೆ ಅನ್ನಿಸಲಿಲ್ಲ. ಆ ದಿನದ ಅಷ್ಟು ಮಾತುಗಳಲ್ಲಿ ನನ್ನನ್ನು ಹೆಚ್ಚು ಕೆರಳಿಸುವುದು ಇವತ್ತಿಗೂ ಅದೇ.

ವಾಪಸು ಬರುವಾಗ ಕಾರಿನಲ್ಲಿ ಗಂಡ ಹೇಳಿದರು. "ನೋಡು, ನನಗೆ ಒಂದು ಅರ್ಥ ಆಗುದಿಲ್ಲ. ಇಂಥ ವಿಷಯ ಜ್ಯೂರಿಗೆ ಮೊದಲೇ ಯಾಕೆ ಹೇಳುದಿಲ್ಲ? ಮುಚ್ಚಿಟ್ಟು ಯಾರಿಗೆ ಲಾಭ? ನಾಳೆ ಮಗಳನ್ನು ಡೇಕೇರಿಗೆ ಬಿಡುವಾಗ ಅಲ್ಲಿಯವರ ಹಿಂದು ಮುಂದು ವಿಚಾರಿಸುದಿಲ್ವಾ ನೀನು?"

"ಅದು ಬೇರೆ."

"ಹೇಗೆ ಬೇರೆ?"

ಉತ್ತರವಿಲ್ಲದ್ದಕ್ಕೇ ಸಿಟ್ಟು ಬಂತು. "ಹಾಗಾದ್ರೆ ಯಾವತ್ತೋ ಮಾಡಿದ್ದಕ್ಕೆ ಇವತ್ತು ಮತ್ತೆ ಶಿಕ್ಷೆ ಅನ್ನಿ. ಮಂಗಳವಾರ ಮಧ್ಯಾಹ್ನ ಏನಾಯ್ತು ಅಂತ ಯಾರೂ ಕೇಳೋದೇ ಬೇಡ" ಎಂದು ಕೂಗಿದೆ. ಅವರು ಫ್ರೀವೇ ಮೇಲೆ ಕಣ್ಣಿಟ್ಟು ಓಡಿಸಿದರು.

ಮನೆಗೆ ಬಂದೆ. ಅತ್ತೆ ಏನಾಯಿತು ಎಂದು ಕೇಳಿದರು, ಆಮೇಲೆ ಹೇಳುತ್ತೇನೆ ಎಂದು ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿದೆ. ಕ್ಲಾಸೆಟ್ಟಿನ ಮೂಲೆಯ ಸೂಟ್‌ಕೇಸು ತೆಗೆದೆ. ಮದುವೆಯ ಬಳೆಗಳು, ಅಮ್ಮ ಕೊಟ್ಟ ಎರಡೆಳೆ ಸರ, ಮಗಳ ಕಾಲ್ಗೆಜ್ಜೆ. ಒಂದೊಂದನ್ನೇ ಎತ್ತಿ ನೋಡಿದೆ. ಎಲ್ಲ ಇದ್ದವು. ಎಲ್ಲ ಇವೆ ಎಂದು ಗೊತ್ತಾದ ಮೇಲೆ ನಾನು ಏನು ಮಾಡುತ್ತಿದ್ದೇನೆ ಎಂದೂ ಗೊತ್ತಾಯಿತು. ಕೋರ್ಟಿನಲ್ಲಿ ನಿಂತು, ಒಂದು ಚಮಚ ಆಚೀಚೆ ಆಗಿಲ್ಲ ಎಂದು ಪ್ರಮಾಣ ಮಾಡಿ ಹೇಳಿದ್ದ ನಾನೇ, ಎರಡು ಗಂಟೆಯೊಳಗೆ ನನ್ನ ಬಳೆ ಹುಡುಕುತ್ತಿದ್ದೆ. ಅವನ ಕೈಯ ಕಾಫಿ ಲೋಟ ಮೂರು ವರ್ಷ ತೊಳೆದಿದ್ದವಳಿಗೆ ಹೀಗಾಗುವುದಾದರೆ, ಅವನನ್ನು ಮೂರು ದಿನದಿಂದ ಮಾತ್ರ ನೋಡಿದ ಆ ಹೆಣಿಗೆಯ ಅಜ್ಜಿಗೆ ಏನಾಗಿರಬೇಡ? ಕಾರಿನಲ್ಲಿ ಗಂಡನಿಗೆ ಕೊಡಬೇಕಿದ್ದ ಉತ್ತರ ಆಗ ಹೊಳೆಯಿತು. ಆದರೆ ಆ ಉತ್ತರ ಕೊಡಬೇಕಾದರೆ ಸೂಟ್‌ಕೇಸಿನ ವಿಷಯ ಹೇಳಬೇಕಾಗಿತ್ತು. ಹೇಳಲಿಲ್ಲ. ಎಷ್ಟೋ ವರ್ಷ ಯಾರಿಗೂ ಹೇಳಲಿಲ್ಲ.

ಅತ್ತೆಗೆ ಕೋರ್ಟಿನ ಕಥೆ ಪೂರ್ತಿ ಹೇಳಿದೆ. ಅವರು ಕಾಲು ನೀವಿಕೊಳ್ಳುತ್ತಾ ಕೇಳಿದರು.

"ಎಷ್ಟು ವರ್ಷದ ಹಿಂದೆ ಕದ್ದದ್ದಂತೆ?"

"ಅದನ್ನ ಹೇಳಲಿಲ್ಲ ಅತ್ತೆ."

"ನೀನು ಕೇಳ್ಲಿಲ್ವಾ?"

"ಅಲ್ಲಿ ನಾವು ಕೇಳೋ ಹಾಗಿಲ್ಲ."

"ಮತ್ತೆ ಎಂತ ಕೋರ್ಟು ಅದು, ಮಾರಾಯ್ತಿ" ಎಂದು ಎದ್ದು ಹೋದರು.

ಮರುದಿನ ಮಧ್ಯಾಹ್ನ ವಕೀಲೆಯ ಫೋನು ಬಂತು. ಜ್ಯೂರಿ ಎರಡು ಗಂಟೆಯೊಳಗೆ ತೀರ್ಮಾನ ಮಾಡಿತ್ತು. ತಪ್ಪಿತಸ್ಥ. ಅತ್ತೆ ಕೇಳಿದ ಪ್ರಶ್ನೆಯನ್ನು ನಾನು ಆಕೆಗೆ ಕೇಳಿದೆ. ಮೊದಲನೆಯದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಎರಡನೆಯದು ಇಪ್ಪತ್ಮೂರರಲ್ಲಿ ಎಂದಳು. ಅಂದರೆ ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಅಲ್ಲಿಂದೀಚೆಗೆ ಒಂದು ಪಾರ್ಕಿಂಗ್ ಟಿಕೆಟ್ಟೂ ಇಲ್ಲವಂತೆ. ಆ ಹಳೆಯ ಶಿಕ್ಷೆಗಳ ಕಾರಣಕ್ಕೇ ಅವನನ್ನು ಕಟಕಟೆಗೆ ಹತ್ತಿಸಲಿಲ್ಲ. ಹತ್ತಿಸಿದ್ದರೆ ಈ ಹಳೆಯ ಕಥೆ ಹೊರಗೆ ಬರುವ ಅಪಾಯವಿತ್ತು. ಹಾಗೆಂದು ಅವನ ಬಾಯಿ ಕಟ್ಟಿ ಕೂರಿಸಿದ್ದರು. ನಮ್ಮ ಕಡೆಯವರೇ ಅವನ ನಡತೆ ಹೊಗಳದ ಹೊರತು ಸರ್ಕಾರಿ ವಕೀಲನೂ ಆ ಕಥೆ ಎತ್ತುವಂತಿರಲಿಲ್ಲವಂತೆ. ಬಾಯಿ ಕಟ್ಟದೆ ಬಿಟ್ಟದ್ದು ನನ್ನೊಬ್ಬಳದನ್ನು.

"ನನಗೆ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ಅಷ್ಟು ಕೆಟ್ಟ ದನಿಯಲ್ಲಿ ನಾನು ಯಾರ ಜೊತೆಗೂ ಇಂಗ್ಲಿಷು ಮಾತಾಡಿರಲಿಲ್ಲ.

ಆಕೆ ತಿರುಗಿ ಕೇಳಿದಳು: "ಹೇಳಿದ್ದರೆ ನೀವು ಬರುತ್ತಿದ್ದಿರಾ?"

ಫೋನು ಇಟ್ಟುಬಿಟ್ಟೆ. ಆ ಪ್ರಶ್ನೆ ಕೇಳಿದ್ದಕ್ಕೆ ಆಕೆಯ ಮೇಲೆ ಸಿಟ್ಟು. ಬರುತ್ತಿದ್ದೆ ಎಂದು ಗಟ್ಟಿಯಾಗಿ ಹೇಳಲಾಗದ್ದಕ್ಕೆ ನನ್ನ ಮೇಲೆ ಸಿಟ್ಟು. ಮ್ಯಾನೇಜರಿಗೆ ಗೊತ್ತಿತ್ತು, ಪೊಲೀಸರಿಗೆ ಗೊತ್ತಿತ್ತು, ಇಬ್ಬರು ವಕೀಲರಿಗೂ ಜಡ್ಜಿಗೂ ಗೊತ್ತಿತ್ತು. ಗೊತ್ತಿಲ್ಲದೆ ಆ ಕೋಣೆಯಲ್ಲಿ ಕೂತಿದ್ದವರು ಹನ್ನೆರಡು ಜನ ಜ್ಯೂರಿ ಮತ್ತು ನಾನು. ಅವರ ಕಿವಿಗೆ ಅದನ್ನು ಹಾಕಿಸಿದವಳು ನಾನು.

ಶನಿವಾರ ನಾನು ಕೈಗಡಿಯಾರ ಕಟ್ಟಿಕೊಂಡು ಮನೆಯ ಬಾಗಿಲಿನಿಂದ ಹೊರಟೆ. ಮೆಟ್ಟಿಲು ಇಳಿದು, ಅಂಗಳ ದಾಟಿ, ಈಜುಕೊಳ ಸುತ್ತಿ, ಕಾಂಪ್ಲೆಕ್ಸಿನ ಆ ತುದಿಯಲ್ಲಿದ್ದ ವರ್ಕ್‌ಶಾಪಿನವರೆಗೆ ನಡೆದೆ. ಬೀಗ ತೆಗೆಯುವಷ್ಟು ಹೊತ್ತು ನಿಂತೆ. ವಾಪಸು ಬಂದೆ. ಬೇಗ ಬೇಗ ನಡೆದರೂ ಏಳು ನಿಮಿಷ. ಕಳ್ಳತನವಾದ ಮನೆ ಇನ್ನೊಂದು ದಿಕ್ಕಿಗಿತ್ತು. ಮತ್ತೆ ಹೊರಟು, ಆ ಮನೆಯ ಮೆಟ್ಟಿಲಿನ ಬುಡ ಮುಟ್ಟಿ, ಅಲ್ಲಿಂದ ವರ್ಕ್‌ಶಾಪು, ಅಲ್ಲಿಂದ ಮನೆ ಎಂದು ನಡೆದೆ. ಮೆಟ್ಟಿಲು ಹತ್ತದೆ, ಬಾಗಿಲು ತೆಗೆಯದೆ, ಒಡವೆ ಹುಡುಕದೆ ಹನ್ನೊಂದು ನಿಮಿಷ. ಕಿಟಕಿಯಿಂದ ನೋಡುತ್ತಿದ್ದ ಮಗಳು, "ಮಾಮ್, ವಾಟ್ ಆರ್ ಯು ಡೂಯಿಂಗ್?" ಎಂದು ಕೂಗಿದಳು. ನಾನು ಅಂಗಳದ ಮಧ್ಯೆ ನಿಂತು ಅಳುತ್ತಿದ್ದೆ. ಇಷ್ಟನ್ನು ಯಾರೂ ನಡೆದು ನೋಡಿರಲಿಲ್ಲ. ಐದಾರು ಫೈಲಿನ ವಕೀಲೆಗೆ ಪುರುಸೊತ್ತಿರಲಿಲ್ಲ. ಪೊಲೀಸರಿಗೆ ಅವನ ಹಳೆಯ ಕಾಗದ ಸಿಕ್ಕ ಮೇಲೆ ಅಂಗಳ ಅಳೆಯುವ ಅಗತ್ಯವೇ ಕಾಣಲಿಲ್ಲ. ಸೋಮವಾರ ವಕೀಲೆಗೆ ಫೋನು ಮಾಡಿ ಹೇಳಿದೆ. ಜಡ್ಜಿಗೆ ಬರೆಯಿರಿ, ಸೇರಿಸುತ್ತೇನೆ ಎಂದಳು. ಎರಡು ಪುಟ ಬರೆದೆ. ಏಳು ನಿಮಿಷ, ಹನ್ನೊಂದು ನಿಮಿಷ, ಎಲ್ಲ ಬರೆದೆ. ಉತ್ತರ ಬರಲಿಲ್ಲ. ಅವನಿಗೆ ನಾಲ್ಕು ವರ್ಷವಾಯಿತು. ಹಳೆಯ ಶಿಕ್ಷೆಗಳಿದ್ದುದರಿಂದ ಅಷ್ಟು ಜಾಸ್ತಿ ಎಂದಳು ವಕೀಲೆ.

ರಾಜ್ಯದ ಜೈಲಿಗೆ ಕಳಿಸುವ ಮುಂಚೆ ಒಮ್ಮೆ ಊರಿನ ಜೈಲಿನಲ್ಲಿ ಅವನನ್ನು ನೋಡಿ ಬಂದೆ. ಮಧ್ಯೆ ಗಾಜು; ಮಾತು ಫೋನಿನಲ್ಲಿ. ಕ್ಷಮೆ ಕೇಳಬೇಕು ಎಂದು ದಾರಿಯುದ್ದಕ್ಕೂ ಇಂಗ್ಲಿಷು ವಾಕ್ಯಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಬಹುಶಃ ಅವನು, ಪರವಾಗಿಲ್ಲ, ನೀವು ಒಳ್ಳೆಯದಕ್ಕೇ ಹೇಳಿದಿರಿ ಎನ್ನುತ್ತಾನೆ ಎಂದು ಒಳಗೊಳಗೇ ಕಾದಿದ್ದೆ.

ಅವನು ಹಾಗೆ ಹೇಳಲಿಲ್ಲ. "ನಾನು ಒಳ್ಳೆಯವನು ಅಂತ ಹೇಳೋಕೆ ನಿಮ್ಮನ್ನು ಯಾರು ಕೇಳಿದ್ದರು?" ಎಂದ. ದನಿ ಏರಿಸಲಿಲ್ಲ. "ನನಗೆ ಬೇಕಾಗಿದ್ದದ್ದು ಟೈಮು. ಎಷ್ಟಕ್ಕೆ ಬಂದೆ, ಎಷ್ಟಕ್ಕೆ ಹೋದೆ. ಅಷ್ಟೇ ಹೇಳಿ ಅಂತ ನಿಮಗೆ ಹೇಳಿದ್ದರು."

"ನನಗೆ ಗೊತ್ತಿರಲಿಲ್ಲ."

"ಗೊತ್ತಿಲ್ಲದ ಹಾಗೆ ಇಪ್ಪತ್ತು ವರ್ಷ ನೋಡಿಕೊಂಡಿದ್ದೆ" ಎಂದ. ಆಮೇಲೆ, "ನೀವು ತಡೆದಿರಿ. ಅವನು ಕೇಳಿದಾಗ. ನಾನು ನೋಡಿದೆ" ಎಂದ.

ಜೋಡಿಸಿಕೊಂಡು ಹೋಗಿದ್ದ ವಾಕ್ಯಗಳ ಬದಲು ನಡೆದು ನೋಡಿದ ನಿಮಿಷಗಳ ಲೆಕ್ಕ ಹೇಳಿದೆ. ಅವನು ಕೇಳಿಸಿಕೊಂಡು, "ಅದನ್ನ ಅವತ್ತೇ ನಡೆಯಬೇಕಿತ್ತು" ಎಂದ. ಅತ್ತೆ ಹೇಗಿದ್ದಾರೆ ಎಂದು ಕೇಳಿದ. ಚೆನ್ನಾಗಿದ್ದಾರೆ ಎಂದೆ. ಇನ್ನು ಬರಬೇಡಿ ಎಂದು ಫೋನು ಇಟ್ಟ. ಹೋಗಲಿಲ್ಲ. ಎರಡು ಕಾಗದ ಬರೆದೆ; ಉತ್ತರ ಬರಲಿಲ್ಲ. ಬಿಡುಗಡೆಯಾದ ಮೇಲೆ ಎಲ್ಲಿಗೆ ಹೋದನೋ ಗೊತ್ತಾಗಲಿಲ್ಲ.

ಮಾರನೆಯ ಬೇಸಿಗೆಯಲ್ಲಿ ಗ್ರೋಸರಿ ಅಂಗಡಿಯಲ್ಲಿ ಟೊಮೇಟೊ ಆರಿಸುತ್ತಿದ್ದಾಗ ಒಬ್ಬಳು ಪಕ್ಕದಲ್ಲಿ ನಿಂತು, "ನೀವು ಆ ಸಾಕ್ಷಿ ಅಲ್ಲವೇ?" ಎಂದಳು. ಜ್ಯೂರಿಯಲ್ಲಿ ಎರಡನೆಯ ಸಾಲಿನಲ್ಲಿ ಕೂತಿದ್ದವಳು. ಬಹಳ ವಿಶ್ವಾಸದಿಂದ ಮಾತಾಡಿಸಿದಳು.

"ನಿಮ್ಮ ಬಗ್ಗೆ ನಮಗೆಲ್ಲ ಬೇಜಾರಾಯಿತು. ಪಾಪ, ನಿಮ್ಮನ್ನು ಹಾಗೆ ನಂಬಿಸಿದ್ದನಲ್ಲ."

"ನಾನು ಹೇಳಿದ ಟೈಮು ಸುಳ್ಳು ಅನ್ನಿಸಿತಾ ನಿಮಗೆ?"

"ಇಲ್ಲ ಇಲ್ಲ, ನೀವು ಸುಳ್ಳು ಹೇಳಿದಿರಿ ಅಂತ ಯಾರೂ ಅನ್ನಲಿಲ್ಲ."

"ಮತ್ತೆ?"

"ಅದಕ್ಕೆ ಮುಂಚೆ ನಮ್ಮಲ್ಲಿ ಬಹಳ ಜನಕ್ಕೆ ಅನುಮಾನವಿತ್ತು, ನಿಜ. ಆದರೆ ಎರಡು ಸಲ ಮಾಡಿದವನು... ನಿಮಗೇ ಗೊತ್ತಲ್ಲ." ನನ್ನ ತೋಳನ್ನು ಮೆಲ್ಲಗೆ ತಟ್ಟಿದಳು.

ಆಕೆ ಕೆಟ್ಟವಳಾಗಿರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಏಳು ನಿಮಿಷ, ಹನ್ನೊಂದು ನಿಮಿಷ ಎಂದು ಅಲ್ಲೇ ತರಕಾರಿಯ ಮುಂದೆ ಹೇಳತೊಡಗಿದೆ. ನನ್ನ ದನಿ ಏರಿತು. ಜನ ತಿರುಗಿ ನೋಡಿದರು. ಜಡ್ಜು ಓದಿದ ಸೂಚನೆ ಕೇಳಿಸಿಕೊಂಡಿರಾ ಎಂದು ಕೇಳಿದೆ. ಕೇಳಿಸಿಕೊಂಡೆವು, ಪಾಲಿಸಿದೆವು ಎಂದಳು. ಮುಖ ಕೆಂಪಾಗಿತ್ತು. ನಿಜವಾಗಿಯೂ ಪಾಲಿಸಿದೆವೆಂದೇ ಅವಳು ನಂಬಿದ್ದಳು. ಬುಟ್ಟಿಗಾಡಿ ತಳ್ಳಿಕೊಂಡು ಹೊರಟುಹೋದಳು.

ದಶಕ ಮುಗಿಯುವ ಮುಂಚೆ ನಮಗೆ ಸಿಟಿಜನ್‌ಶಿಪ್ಪು ಬಂತು. ಎರಡೇ ವರ್ಷದಲ್ಲಿ ಜ್ಯೂರಿಗೆ ನನಗೇ ಕರೆ ಬಂತು. ಗಂಡ, ಏನಾದರೂ ಕಾರಣ ಹೇಳಿ ತಪ್ಪಿಸಿಕೊ ಎಂದರು. ಹೋದೆ. ಬೇರೊಬ್ಬ ಜಡ್ಜು, ಬೇರೊಬ್ಬ ಆರೋಪಿ. ಕಾರು ಕದ್ದನೆಂಬ ಕೇಸು. ನಲವತ್ತು ಜನರನ್ನು ಕೂರಿಸಿ ಒಬ್ಬೊಬ್ಬರನ್ನೇ ಕೇಳಿದರು. ನನ್ನ ಸರದಿ ಬಂದಾಗ, ಹಿಂದೆ ಕೋರ್ಟಿನ ಅನುಭವವೇನಾದರೂ ಇದೆಯೇ ಎಂದರು. ಇದೆ ಎಂದು, ಸಾಕ್ಷಿ ಹೇಳಿದ್ದನ್ನೂ ಅದರಿಂದ ಆದದ್ದನ್ನೂ ಹೇಳಿದೆ. ಸರ್ಕಾರಿ ವಕೀಲೆ ಎದ್ದು ಕೇಳಿದಳು: "ಆರೋಪಿಯ ಹಿಂದಿನ ಜೀವನದ ಬಗ್ಗೆ ನಿಮ್ಮ ಕಿವಿಗೆ ಏನಾದರೂ ಬಿದ್ದರೆ, ಅದನ್ನು ಪಕ್ಕಕ್ಕಿಟ್ಟು ತೀರ್ಮಾನ ಮಾಡಬಲ್ಲಿರಾ?"

ನನಗಿಂತ ಮುಂಚಿನ ಹದಿನೈದು ಜನರೂ, ಕೇಳಿದ ಪ್ರಶ್ನೆಗಳಿಗೆಲ್ಲ ಒಬ್ಬರ ಹಿಂದೆ ಒಬ್ಬರು, ಹೌದು, ಮಾಡಬಲ್ಲೆ ಎಂದಿದ್ದರು.

"ಇಲ್ಲ" ಎಂದೆ. "ನನ್ನಿಂದ ಆಗೋದಿಲ್ಲ. ಇಲ್ಲಿ ಕೂತಿರುವ ಯಾರಿಂದಲೂ ಆಗೋದಿಲ್ಲ. ಆದ್ದರಿಂದ ನಮ್ಮ ಕಿವಿಗೆ ಹಾಕಬೇಡಿ."

ಕೋರ್ಟಿನಲ್ಲಿ ಯಾರೋ ನಕ್ಕರು. ಜಡ್ಜು ನಗಲಿಲ್ಲ. ಸರ್ಕಾರಿ ವಕೀಲೆ ನನಗೆ ವಂದನೆ ಹೇಳಿ, ಈ ಜ್ಯೂರರನ್ನು ಬಿಡಬಹುದು ಎಂದಳು. ನಾನು ಕೈಚೀಲ ಎತ್ತಿಕೊಂಡು ಸಾಲಿನಿಂದ ಈಚೆಗೆ ಬಂದೆ. ನನ್ನ ಖಾಲಿ ಕುರ್ಚಿಗೆ ಆಗಲೇ ಇನ್ನೊಬ್ಬರ ಹೆಸರು ಕರೆಯುತ್ತಿದ್ದರು.